ಸೊಂಟದ ಕೀಲು ಬದಲಾವಣೆ: ಮೂರು ಮಾರ್ಗಗಳು ಮತ್ತು ಮೊದಲ ಹೆಜ್ಜೆಗಳು



ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರೂ ಮಕ್ಕಳ ಉದ್ಯೋಗದ ನಿಮಿತ್ತ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ನೆಲೆಸಿರುವ ಹಿರಿಯರೂ ಶ್ರೀಮಠದಲ್ಲಿ ಕೇಳುವ ಪ್ರಶ್ನೆಯೊಂದಿದೆ: ಸೊಂಟದ ಕೀಲನ್ನು ಮುಂಬದಿಯಿಂದ ಬದಲಿಸಿದರೆ ಬೇಗ ನಡೆಯಬಹುದಂತೆ, ನಿಜವೇ? ಈ ಕುರಿತು ತಿಳಿದಷ್ಟನ್ನು ನಿವೇದಿಸುತ್ತೇವೆ.

ಇಂದಿನ ಕೃತಕ ಕೀಲಿಗೆ 1962ರಲ್ಲಿ ಮಾದರಿಯೊದಗಿಸಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಸವೆದ ತೊಡೆಮೂಳೆಯ ತಲೆಯನ್ನು ತೆಗೆದು ಕೃತಕ ಗುಂಡು, ಬಟ್ಟಲುಗಳನ್ನು ಕೂಡಿಸುವ ಕಾರ್ಯ ಎಲ್ಲ ಮಾರ್ಗಗಳಲ್ಲಿಯೂ ಒಂದೇ. ಭಿನ್ನವಾಗುವುದು ಕೀಲನ್ನು ತಲುಪುವ ದಾರಿ ಮಾತ್ರ.

ಹಿಂಬದಿಯ ಮಾರ್ಗ ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ಕೀಲಿನ ಹಿಂದಿನ ಸಣ್ಣ ಸ್ನಾಯುಗಳನ್ನು ಬಿಡಿಸಿ, ಕೊನೆಗೆ ಮತ್ತೆ ಹೊಲಿಯುತ್ತಾರೆ. ನಡೆಯುವಾಗ ಸೊಂಟವನ್ನು ಎತ್ತಿಹಿಡಿಯುವ ಮುಖ್ಯ ಸ್ನಾಯುವಿಗೆ ಧಕ್ಕೆಯಿಲ್ಲ. ಆದರೆ ಆರಂಭದ ವಾರಗಳಲ್ಲಿ ಅತಿಯಾಗಿ ಬಗ್ಗಿದರೆ ಕೀಲು ಜಾರುವ ಸಂಭವ ತುಸು ಅಧಿಕ. ಪಕ್ಕದ ಮಾರ್ಗದಲ್ಲಿ ಜಾರುವ ಭಯ ಕಡಿಮೆ. ಆದರೆ ಆ ಮುಖ್ಯ ಸ್ನಾಯುವಿನ ಒಂದು ಭಾಗವನ್ನೇ ಬಿಡಿಸುವುದರಿಂದ ಕೆಲವರಲ್ಲಿ ಕುಂಟು ಉಳಿಯಬಹುದು. ಮುಂಬದಿಯ ಮಾರ್ಗ ಸ್ನಾಯುಗಳ ನಡುವಣ ಸಂದಿಯಲ್ಲಿ ಸಾಗುತ್ತದೆ. ಮೊದಲ ವಾರಗಳಲ್ಲಿ ನೋವು ಕಡಿಮೆಯಿದ್ದು ಊರುಗೋಲನ್ನು ಬೇಗ ಬಿಡುವವರು ಹೆಚ್ಚು. ಆದರೆ ತೊಡೆಯ ಹೊರಭಾಗ ಜೋಮುಗಟ್ಟುವುದುಂಟು. ಪಳಗದ ಕೈಯಲ್ಲಿ ತೊಡೆಮೂಳೆ ಬಿರುಕುಬಿಡುವ ಅಪಾಯವೂ ಇದೆ.

ಕೆಲವು ತಿಂಗಳುಗಳಲ್ಲಿ ಹಿಂಬದಿ, ಮುಂಬದಿಗಳ ಭೇದ ಬಹುಮಟ್ಟಿಗೆ ಅಳಿಯುತ್ತದೆ. ಆದುದರಿಂದ ಜಾಹೀರಾತನ್ನು ನೋಡಿ ಮಾರ್ಗವನ್ನು ಆರಿಸುವುದಕ್ಕಿಂತ, ತಮ್ಮ ವೈದ್ಯರು ಯಾವ ಮಾರ್ಗದಲ್ಲಿ ಪಳಗಿದ್ದಾರೆಂದು ಕೇಳಿ ತಿಳಿಯುವುದು ಲೇಸು.

ಮಾರ್ಗ ಯಾವುದಾದರೂ, ತೊಡಕಿಲ್ಲದಿದ್ದರೆ ಅಂದೇ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. 'ಪಾಪ, ನಾಲ್ಕು ದಿನ ಮಲಗಿರಲಿ' ಎಂಬ ಮನೆಯವರ ಅಕ್ಕರೆ ಇಲ್ಲಿ ಕೆಡುಕು ತರುತ್ತದೆ. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಎದೆಗೆ ಸೋಂಕು ತಗಲುವ, ಸ್ನಾಯು ಸೊರಗುವ ಸಂಭವ ಹೆಚ್ಚು. ಮೀನಖಂಡದಲ್ಲಿ ಊತ, ನೋವು ಕಂಡರೆ ಅಥವಾ ಹಠಾತ್ತನೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನೆಲದ ಮೇಲೆ ಕುಳಿತು ಶಿವಪೂಜೆ ಮಾಡುವುದು ತಪ್ಪುವುದೆಂಬ ಅಳುಕಿನಿಂದ ಚಿಕಿತ್ಸೆಯನ್ನೇ ಮುಂದೂಡುವ ಹಿರಿಯರಿದ್ದಾರೆ. ವೈದ್ಯರು ಅನುಮತಿಸುವವರೆಗೆ ಎತ್ತರದ ಕುರ್ಚಿಯಲ್ಲಿ ಕುಳಿತೇ ಪೂಜೆ ನೆರವೇರಿಸಬಹುದು. ಅಂಗೈಯಲ್ಲಿರುವ ಇಷ್ಟಲಿಂಗಕ್ಕೆ ಆಸನದ ಎತ್ತರ ಅಡ್ಡಿಯಾಗದು. ಬಾಗಿ ಪಾದ ಮುಟ್ಟುವುದು ಬೇಡ, ಕೈಮುಗಿದರೆ ಸಾಕು.

ಕಾರ್ಖಾನೆ ಕಾರ್ಮಿಕರು ಇಎಸ್‌ಐ ಸೌಲಭ್ಯವನ್ನು ಮರೆಯಬಾರದು. ಪೀಣ್ಯ, ರಾಜಾಜಿನಗರಗಳಲ್ಲಿ ಅದರ ಆಸ್ಪತ್ರೆಗಳಿವೆ. ಅವಲಂಬಿತ ತಂದೆತಾಯಿಗಳೂ ಅದರ ವ್ಯಾಪ್ತಿಗೆ ಬರುತ್ತಾರೆ.

ನೋವನ್ನು ನುಂಗಿಕೊಂಡು ಮನೆಯ ಮೂಲೆ ಸೇರುವುದು ಬೇಡ. ಕೇಳಿ, ತಿಳಿದು, ಧೈರ್ಯದಿಂದ ಹೆಜ್ಜೆಯಿಡಿರೆಂದು ಪ್ರಾರ್ಥಿಸುತ್ತೇವೆ.