ನೀರಿನ ಜಮಾ–ಖರ್ಚು ನೋಡುವ ಗಣಕ

ಕೊಳವೆ ಬಾವಿಯ ನೀರು ಬಳಸುವ ಮನೆಗಳಲ್ಲಿ ಕೆಲವು ದೂರುಗಳು ಸಾಮಾನ್ಯ. ಸಾಬೂನು ಎಷ್ಟು ಉಜ್ಜಿದರೂ ನೊರೆ ಬಾರದು, ಬೇಳೆ ಬೇಗ ಬೇಯದು, ನೀರು ಕಾಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಕೆಲವು ದಿನಗಳಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಎಂದು ಹತ್ತಾರು ಹೆಸರುಗಳು, ಎದುರಿಗೆ ಅಂಕಿಗಳು. ಬಹುತೇಕ ಮನೆಗಳಲ್ಲಿ ಆ ಹಾಳೆ ಬೀರು ಸೇರಿ ಅಲ್ಲಿಯೇ ಉಳಿಯುತ್ತದೆ. ಅದನ್ನು ಓದುವುದು ಹೇಗೆ?

ಪ್ರೌಢಶಾಲೆಯ ರಸಾಯನ ಶಾಸ್ತ್ರ ಮತ್ತು ಸಾಧಾರಣ ಕಂಪ್ಯೂಟರ್ ಇದ್ದರೆ ಈ ಹಾಳೆಯಿಂದ ಸಾಕಷ್ಟು ತಿಳಿಯಬಹುದು. ಅದರ ಜೊತೆಗೆ ಇನ್ನೊಂದು ಬೇಕು: ಅಂಕಿಗಳ ಬಗ್ಗೆ ಸ್ವಲ್ಪ ಅನುಮಾನ. ಕಂಪ್ಯೂಟರಿಗೆ ಅದೊಂದು ಬಾರದು.

ಮೊದಲು ಸುಲಭದ ಲೆಕ್ಕ. ಒಂದು ಮಾದರಿ ವರದಿಯನ್ನು ಊಹಿಸಿಕೊಳ್ಳೋಣ. ಲೀಟರಿಗೆ ಕ್ಯಾಲ್ಸಿಯಂ 80 ಮಿಲಿಗ್ರಾಂ, ಮೆಗ್ನೀಸಿಯಂ 36, ಸೋಡಿಯಂ 69. ಬೈಕಾರ್ಬೊನೇಟ್ 366, ಕ್ಲೋರೈಡ್ 106.5, ಸಲ್ಫೇಟ್ 48. ನೀರಿನ ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮೊದಲನೆಯದನ್ನು 2.5ರಿಂದ, ಎರಡನೆಯದನ್ನು 4.1ರಿಂದ ಗುಣಿಸಿ ಕೂಡಿಸಿದರೆ ಗಡಸುತನ ಸಿಗುತ್ತದೆ. ಇಲ್ಲಿ ಉತ್ತರ ಸುಮಾರು 348. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಂತೆ 200 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರು ಇಲ್ಲದ ಕಡೆ 600ರವರೆಗೆ ಅನುಮತಿ ಇದೆ. ಅಂದರೆ ಈ ನೀರು ಗಡಸು, ಆದರೆ ಕುಡಿಯಲಾಗದಷ್ಟು ಅಲ್ಲ.

ತಕ್ಕಡಿಯ ಎರಡು ತಟ್ಟೆ

ಎರಡನೆಯ ಲೆಕ್ಕ ಹೆಚ್ಚು ಸ್ವಾರಸ್ಯದ್ದು. ನೀರಿನಲ್ಲಿ ಕರಗಿದ ಲವಣಗಳು ಧನ ಅಯಾನು, ಋಣ ಅಯಾನುಗಳಾಗಿ ಬೇರ್ಪಟ್ಟಿರುತ್ತವೆ. ನೀರನ್ನು ಮುಟ್ಟಿದರೆ ಯಾರಿಗೂ ವಿದ್ಯುತ್ ಆಘಾತವಾಗುವುದಿಲ್ಲ. ಏಕೆಂದರೆ ಧನ ಮತ್ತು ಋಣ ವಿದ್ಯುದಂಶಗಳು ಸರಿಸಮ ಇರುತ್ತವೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮಾ, ಖರ್ಚು ತಾಳೆಯಾಗುವಂತೆ ಇದೂ ತಾಳೆಯಾಗಬೇಕು.

ಪ್ರತಿ ಅಯಾನಿನ ಅಂಕಿಯನ್ನು ಅದರ ಸಮಾನ ತೂಕದಿಂದ ಭಾಗಿಸಬೇಕು. ಕ್ಯಾಲ್ಸಿಯಮ್ಮಿಗೆ 20, ಮೆಗ್ನೀಸಿಯಮ್ಮಿಗೆ 12, ಸೋಡಿಯಮ್ಮಿಗೆ 23. ನಮ್ಮ ಮಾದರಿಯಲ್ಲಿ ಕ್ರಮವಾಗಿ 4, 3, 3, ಒಟ್ಟು 10. ಇನ್ನೊಂದು ತಟ್ಟೆಯಲ್ಲಿ ಬೈಕಾರ್ಬೊನೇಟನ್ನು 61ರಿಂದ, ಕ್ಲೋರೈಡನ್ನು 35.5ರಿಂದ, ಸಲ್ಫೇಟನ್ನು 48ರಿಂದ ಭಾಗಿಸಿದರೆ 6, 3, 1, ಒಟ್ಟು 10. ತಾಳೆಯಾಯಿತು! ನಿಜವಾದ ವರದಿಗಳಲ್ಲಿ ಇಷ್ಟು ಕರಾರುವಾಕ್ಕಾಗಿ ಹೊಂದುವುದು ಅಪರೂಪ. ಎರಡರ ವ್ಯತ್ಯಾಸವು ಎರಡರ ಮೊತ್ತದ ಶೇ 5ರೊಳಗೆ ಇದ್ದರೆ ವರದಿ ಸರಿ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ.

ಈಗ ಒಂದು ಚಿಕ್ಕ ತಪ್ಪು ಮಾಡಿ ನೋಡೋಣ. ಹಲವು ಪ್ರಯೋಗಾಲಯಗಳು ಬೈಕಾರ್ಬೊನೇಟ್ ಬದಲು ಕ್ಷಾರೀಯತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಬರೆಯುತ್ತವೆ. ಇದೇ ನೀರಿಗೆ ಆ ಅಂಕಿ 300. ವಿದ್ಯಾರ್ಥಿ ಅದನ್ನೇ ಬೈಕಾರ್ಬೊನೇಟ್ ಎಂದು ತಿಳಿದು ತುಂಬಿದರೆ ಋಣದ ತಟ್ಟೆ 8.9ಕ್ಕೆ ಇಳಿಯುತ್ತದೆ, ದೋಷ ಶೇ 5.7ಕ್ಕೆ ಏರುತ್ತದೆ. ಎಲ್ಲೋ ಎಡವಿದ್ದೇವೆ ಎಂದು ತಕ್ಕಡಿಯೇ ಹೇಳಿಬಿಡುತ್ತದೆ.

ಕೈಯಿಂದ ಯಂತ್ರಕ್ಕೆ

ಇಷ್ಟಕ್ಕೆ ಕಾಗದ, ಪೆನ್ಸಿಲ್ ಸಾಕು. ಆದರೆ ನೀರಿನೊಳಗೆ ಅಯಾನುಗಳು ಸುಮ್ಮನೆ ಇರುವುದಿಲ್ಲ; ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಬಿಡುತ್ತವೆ. 1936ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಲ್‌ಫ್ರೆಡ್ ಲ್ಯಾಂಗೆಲಿಯರ್, ನೀರು ಕೊಳವೆಯಲ್ಲಿ ಸುಣ್ಣದ ಪದರ ಕಟ್ಟುವುದೋ ಅಥವಾ ಇದ್ದ ಪದರವನ್ನು ಕರಗಿಸುವುದೋ ಎಂದು ಹೇಳುವ ಸೂಚ್ಯಂಕವನ್ನು ಕೊಟ್ಟರು. ಅದು ಧನವಾದರೆ ಪದರ ಕಟ್ಟೀತು, ಋಣವಾದರೆ ಕರಗೀತು. 1962ರಲ್ಲಿ ರಾಬರ್ಟ್ ಗ್ಯಾರೆಲ್ಸ್ ಮತ್ತು ಮೇರಿ ಥಾಂಪ್ಸನ್ ಸಮುದ್ರದ ನೀರಿನಲ್ಲಿ ಯಾವ ಅಯಾನು ಯಾವುದರ ಜೊತೆ ಎಷ್ಟು ಕೂಡಿದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದರು. ಒಂದನ್ನು ತಿದ್ದಿದರೆ ಇನ್ನೊಂದು ಬದಲಾಗುವ, ಮತ್ತೆ ಮತ್ತೆ ಮಾಡಬೇಕಾದ ಲೆಕ್ಕ ಅದು. ಇಂಥ ಕೆಲಸಕ್ಕೆ ಕಂಪ್ಯೂಟರ್ ಹೇಳಿಮಾಡಿಸಿದ್ದು.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಈ ದಾರಿಯಲ್ಲಿ ಬಹಳ ದೂರ ನಡೆದಿದೆ. ಡೇವಿಡ್ ಪಾರ್ಕ್‌ಹರ್ಸ್ಟ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರೋಗ್ರಾಮನ್ನು ಹೊಸದಾಗಿ ‘ಸಿ’ ಭಾಷೆಯಲ್ಲಿ ಬರೆದು 1995ರಲ್ಲಿ ಹೊರತಂದರು. ಅದರ ಹೆಸರು ‘ಫ್ರೀಕ್–ಸಿ’. ಪಾರ್ಕ್‌ಹರ್ಸ್ಟ್ ಮತ್ತು ಟೋನಿ ಅಪೆಲೊ ಸೇರಿ ಬೆಳೆಸಿದ ಅದರ ಮೂರನೆಯ ಆವೃತ್ತಿ 2013ರಲ್ಲಿ ಬಂತು. ಇದು ಸಂಪೂರ್ಣ ಉಚಿತ. ವರದಿಯ ಅಂಕಿಗಳು, ಉಷ್ಣತೆ, ಪಿಎಚ್ ಕೊಟ್ಟರೆ ಯಾವ ಖನಿಜ ಕರಗುತ್ತದೆ, ಯಾವುದು ತಳಕ್ಕೆ ಇಳಿಯುತ್ತದೆ ಎಂದು ಕ್ಷಣದಲ್ಲಿ ಹೇಳುತ್ತದೆ.

ಕೋಲಾರ, ಪಾವಗಡದ ಕಡೆಯ ಫ್ಲೋರೈಡ್ ಸಮಸ್ಯೆಗೂ ಇದರಿಂದ ಬೆಳಕು ಸಿಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಫ್ಲೋರೈಟ್ ಎಂಬ ಖನಿಜವಾಗಿ ತಳಕ್ಕೆ ಎಳೆಯಬಲ್ಲದು. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದಲ್ಲಿ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಸಾಬೂನು ಚೆನ್ನಾಗಿ ನೊರೆ ಬಿಡುವ ಮೆದು ನೀರೆಲ್ಲ ಒಳ್ಳೆಯ ನೀರೆಂದು ನಂಬುವವರಿಗೆ ಇದು ಎಚ್ಚರಿಕೆಯ ಮಾತು.

ತಕ್ಕಡಿಗೆ ಕಾಣದ ತಪ್ಪು

ಕೊಟ್ಟ ಅಂಕಿ ತಪ್ಪಾದರೆ ಬರುವ ಉತ್ತರವೂ ತಪ್ಪೇ. ಫ್ರೀಕ್–ಸಿ ತಾನು ಕಂಡ ದೋಷದ ಶೇಕಡಾವಾರನ್ನು ಅಚ್ಚು ಮಾಡಿ ಕೊಡುತ್ತದೆ, ನಿಜ. ಆದರೆ ಅದಕ್ಕಾಗಿ ಲೆಕ್ಕ ನಿಲ್ಲಿಸುವುದಿಲ್ಲ. ಆ ಸಾಲನ್ನು ಓದಬೇಕಾದವರು ನಾವು.

ಅಷ್ಟೇ ಅಲ್ಲ, ಮನುಷ್ಯನ ಆರೋಗ್ಯಕ್ಕೆ ಮುಖ್ಯವಾದ ಕೆಲವು ತಪ್ಪುಗಳು ತಕ್ಕಡಿಗೂ ಕಾಣುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಒಪ್ಪತಕ್ಕ ಮಿತಿ ಲೀಟರಿಗೆ 1 ಮಿಲಿಗ್ರಾಂ, ಗರಿಷ್ಠ 1.5. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಮುಂದೆ ಮೂಳೆಗೂ ತೊಂದರೆ. 2.5 ಇದ್ದುದನ್ನು ಯಾರೋ 0.25 ಎಂದು ಬರೆದರೆನ್ನಿ. ನಮ್ಮ ಮಾದರಿಯಂಥ ನೀರಿನಲ್ಲಿ ತಕ್ಕಡಿ ಅಲುಗುವುದು ಶೇ 1ಕ್ಕಿಂತಲೂ ಕಡಿಮೆ. ಒಂದು ಬಿಂದು ಜರುಗಿದ್ದಕ್ಕೆ ಅಪಾಯದ ನೀರು ಅಮೃತವಾಗಿ ಕಂಡೀತು!

ನೈಟ್ರೇಟಿನದೂ ಇದೇ ಕತೆ. ಅದರ ಮಿತಿ 45 ಮಿಲಿಗ್ರಾಂ. ಕೆಲವು ವರದಿಗಳು ನೈಟ್ರೇಟನ್ನು ಅದರಲ್ಲಿರುವ ನೈಟ್ರೋಜನ್ನಿನ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿ 12 ಎಂದಿದ್ದರೆ ನಿಜವಾದ ನೈಟ್ರೇಟ್ ಸುಮಾರು 53. ಸಾಲಿನ ಕೊನೆಯ ಪುಟ್ಟ ಅಕ್ಷರಗಳನ್ನು ಓದದವರು 12 ನೋಡಿ ನಿಶ್ಚಿಂತರಾಗುತ್ತಾರೆ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆಗೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕುಗ್ಗುವ ಅಪಾಯವಿದೆ. ಕುದಿಸಿದರೆ ಸರಿಹೋಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಕುದಿಸಿದಾಗ ರೋಗಾಣು ಸಾಯುತ್ತವೆ, ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ.

ಆದ್ದರಿಂದ ವಿದ್ಯಾರ್ಥಿಗಳು ಒಂದು ಕ್ರಮ ಇಟ್ಟುಕೊಳ್ಳುವುದು ಒಳಿತು. ಮೊದಲು ಪ್ರತಿ ಅಂಕಿಯ ಮುಂದೆ ಯಾವ ಲೆಕ್ಕದಲ್ಲಿ ಬರೆದಿದೆ ಎಂದು ನೋಡಿ. ಬಳಿಕ ತಕ್ಕಡಿ ತೂಗಿ. ಆಮೇಲೆ ಬೇಕಾದರೆ ಫ್ರೀಕ್–ಸಿಯಂಥ ದೊಡ್ಡ ಪ್ರೋಗ್ರಾಮ್ ಹತ್ತಿರ ಹೋಗಿ. ಮೊದಲೆರಡು ಲೆಕ್ಕಕ್ಕೆ ಯಾವುದೇ ಸ್ಪ್ರೆಡ್‌ಶೀಟ್ ಸಾಕು. ಫ್ಲೋರೈಡ್, ನೈಟ್ರೇಟ್ ಅಂಕಿ ಅಕ್ಕಪಕ್ಕದ ಬಾವಿಗಿಂತ ತೀರ ಬೇರೆಯಾಗಿದ್ದರೆ ಮತ್ತೊಂದು ಬಾಟಲಿ ನೀರನ್ನು ಬೇರೊಂದು ಪ್ರಯೋಗಾಲಯಕ್ಕೆ ಕೊಡುವುದೇ ದಾರಿ. ಅಪ್ಪ ಅಮ್ಮಂದಿರು ಬೀರುವಿನಲ್ಲಿರುವ ಹಾಳೆಯನ್ನು ಹೊರತೆಗೆದು ಮಕ್ಕಳ ಕೈಗೆ ಕೊಡಲಿ. ಮನೆಯವರೆಲ್ಲ ದಿನವೂ ಕುಡಿಯುವ ನೀರಿನ ಲೆಕ್ಕ ಅದು. ಒಮ್ಮೆ ತಾಳೆ ನೋಡಿಬಿಡುವುದು ಮೇಲು.