ಶ್ವಾಸಕೋಶದ ಧಮನಿಯ ರಕ್ತದೊತ್ತಡ: ಅನುಮಾನವೂ ಪ್ರತ್ಯಕ್ಷವೂ

ರಕ್ತದೊತ್ತಡವೆಂದೊಡನೆ ತೋಳಿಗೆ ಪಟ್ಟಿಯನ್ನು ಸುತ್ತಿ ಅಳೆಯುವುದೇ ಎಲ್ಲರ ನೆನಪಿಗೆ ಬರುವುದು. ಆದರೆ ಆ ಅಳತೆಯು ಹೃದಯದ ಎಡಭಾಗದಿಂದ ಹೊರಟು ಸರ್ವಾಂಗಗಳಿಗೂ ಹರಿಯುವ ರಕ್ತಕ್ಕೆ ಸಂಬಂಧಿಸಿದುದು. ಬಲಭಾಗದಿಂದ ಶ್ವಾಸಕೋಶಗಳಿಗೆ ಹೋಗುವ ಧಮನಿಯ ಮಾರ್ಗವೇ ಬೇರೆ. ಸ್ವಸ್ಥನಲ್ಲಿ ಅಲ್ಲಿಯ ಸರಾಸರಿ ಒತ್ತಡವು ಪಾದರಸದ 14 ಮಿಲಿಮೀಟರುಗಳ ಸುಮಾರಿನದು; ತೋಳಿನ ಧಮನಿಯಲ್ಲಿ ಅದರ ಆರು ಮಡಿಗೂ ಮಿಗಿಲು. ಆದುದರಿಂದ ತೋಳಿನ ಅಳತೆಯು ನಿರ್ದುಷ್ಟವಾಗಿದ್ದಾಗಲೂ ಶ್ವಾಸಕೋಶದ ಧಮನಿಯಲ್ಲಿ ಒತ್ತಡವು ಏರಿರಬಹುದು.

ಈ ರೋಗದ ಲಕ್ಷಣಗಳು ತೀರ ಸಾಮಾನ್ಯವಾದವು. ಮೆಟ್ಟಿಲು ಹತ್ತುವಾಗ ಏದುಸಿರು, ಬಳಲಿಕೆ, ಮುಂದೆ ಕಾಲುಬಾವು, ಕೆಲವರಿಗೆ ಮೂರ್ಛೆ. ಮಹದೇವಪುರದಂತಹ ಕಡೆ, ಕಾರ್ಖಾನೆಯಲ್ಲೋ ಕಛೇರಿಯಲ್ಲೋ ದುಡಿಯುವವನಿಗೆ ಉಸಿರು ಕಟ್ಟಿದರೆ ಧೂಳು, ಆಸ್ತಮಾ, ರಕ್ತಹೀನತೆ ಎಂದು ಹೇಳಿಬಿಡುವುದು ಸುಲಭ. ಮೊದಲ ಲಕ್ಷಣದಿಂದ ರೋಗನಿರ್ಣಯದವರೆಗೆ ಅನೇಕರಿಗೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಳೆಯುತ್ತದೆ. ಅಷ್ಟರಲ್ಲಿ ಬಲ ಹೃತ್ಕುಕ್ಷಿಯು ಸೋಲತೊಡಗಿರುತ್ತದೆ. ಬರವಣಿಗೆಯಲ್ಲಿ ‘ನಿದಾನ’ವನ್ನು ‘ನಿಧಾನ’ ಮಾಡುವ ಪ್ರಮಾದವು ಇಲ್ಲಿ ನಿಜವೇ ಆಗಿಹೋಗಿದೆ. ಪ್ರಾಚೀನ ಗ್ರಂಥಗಳ ಶ್ವಾಸಪ್ರಕರಣಗಳಲ್ಲಿ ಈ ರೋಗವನ್ನು ಹುಡುಕಿ ತೆಗೆಯುವ ಉತ್ಸಾಹವು ಮಾತ್ರ ಸಲ್ಲದು. ಅಳತೆಯಿಲ್ಲದೆ ಇದು ನಿಶ್ಚಯವಾಗತಕ್ಕುದಲ್ಲ.

ವೈದ್ಯನು ಮೊದಲು ಎದೆಗೆ ಕಿವಿಗೊಡುತ್ತಾನೆ. ಹೃದಯದ ಎರಡನೆಯ ಧ್ವನಿಯಲ್ಲಿ ಶ್ವಾಸಕೋಶ ಧಮನಿಯ ಕವಾಟವು ಮುಚ್ಚುವ ಸದ್ದು ಬಲವಾಗಿ ಕೇಳಿಬಂದರೆ ಸಂಶಯವು ಹುಟ್ಟುತ್ತದೆ. ಇ.ಸಿ.ಜಿ. ಮತ್ತು ಎಕ್ಸ್-ರೇಗಳು ಆ ಸಂಶಯವನ್ನು ಬಲಪಡಿಸಬಲ್ಲವು. ಅವು ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನುವಂತಿಲ್ಲ.

ಅನಂತರದ್ದು ಎಕೋ ಪರೀಕ್ಷೆ. ತರ್ಕಶಾಸ್ತ್ರದ ಅರ್ಥದಲ್ಲಿ ಇದು ಶುದ್ಧವಾದ ಅನುಮಾನ. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಎದೆಯೊಳಕ್ಕೆ ಕಳುಹಿಸಿ, ಬಲಭಾಗದ ತ್ರಿದಳ ಕವಾಟದಲ್ಲಿ ಹಿಂದಕ್ಕೆ ಸೋರುವ ರಕ್ತದ ವೇಗವನ್ನು ಅಳೆಯುತ್ತಾರೆ. ವೇಗವನ್ನು ವರ್ಗಮಾಡಿ ನಾಲ್ಕರಿಂದ ಗುಣಿಸಿದರೆ ಹೃತ್ಕುಕ್ಷಿ ಹೃತ್ಕರ್ಣಗಳ ಒತ್ತಡದ ಅಂತರವು ದೊರೆಯುತ್ತದೆ. ಸೆಕೆಂಡಿಗೆ 3 ಮೀಟರ್ ವೇಗವಿದ್ದರೆ ಅಂತರವು 36 ಮಿಲಿಮೀಟರ್. ವೇಗವು 2.8ನ್ನು ಮೀರಿದರೆ ಸಂಶಯ; 3.4ನ್ನು ಮೀರಿದರೆ ಬಲವಾದ ಸಂಶಯ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮವೇ ಇದು. ಆದರೆ ಸೋರಿಕೆಯು ಕಾಣದಿದ್ದರೆ ಹೇತುವೇ ಅಸಿದ್ಧ. ತರಂಗದ ಕೋನವು ತಪ್ಪಿದರೆ ವೇಗವು ಇದ್ದುದಕ್ಕಿಂತ ಕಡಿಮೆಯೆಂದು ತೋರುತ್ತದೆ.

ಆದುದರಿಂದ ಕಡೆಗೆ ಪ್ರತ್ಯಕ್ಷವೇ ಬೇಕು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ಸಿರೆಯಲ್ಲಿ ನಳಿಕೆಯನ್ನು ತೂರಿಸಿ ಹೃದಯದವರೆಗೂ ಮುಟ್ಟಿಸಿಕೊಂಡು, ಎಕ್ಸ್-ರೇ ಚಿತ್ರದಿಂದ ಅದನ್ನು ತೋರಿಸಿದನು. ಆ ಮಾರ್ಗವನ್ನು ವಿಸ್ತರಿಸಿದ ಕೂರ್ನಾಂಡ್ ಮತ್ತು ರಿಚರ್ಡ್ಸರೊಡನೆ 1956ರಲ್ಲಿ ಅವನಿಗೆ ನೊಬೆಲ್ ಬಹುಮಾನವು ದೊರೆಯಿತು. ಇಂದು ಕತ್ತಿನ ಅಥವಾ ತೊಡೆಸಂದಿನ ಸಿರೆಯಿಂದ ನಳಿಕೆಯನ್ನು ಶ್ವಾಸಕೋಶದ ಧಮನಿಯವರೆಗೂ ಸಾಗಿಸಿ ಒತ್ತಡವನ್ನು ನೇರವಾಗಿ ಅಳೆಯುತ್ತಾರೆ. ಸರಾಸರಿಯು 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವೆಂಬ ಹಿಂದಿನ ಗಡಿಯನ್ನು, 2018ರಲ್ಲಿ ನೀಸ್ ನಗರದ ವಿಶ್ವಗೋಷ್ಠಿಯು 20ನ್ನು ಮೀರಿದರೆ ಎಂದು ತಿದ್ದಿತು.

ಒತ್ತಡವು ಹೆಚ್ಚಿದೆಯೆಂದು ತಿಳಿದರೆ ಸಾಲದು, ಅದು ಎಲ್ಲಿಂದ ಬಂದುದೆಂದು ತಿಳಿಯಬೇಕು. ನಳಿಕೆಯ ತುದಿಯ ಸಣ್ಣ ಬಲೂನನ್ನು ಉಬ್ಬಿಸಿ ಧಮನಿಯ ಒಂದು ಶಾಖೆಯನ್ನು ತಡೆದರೆ, ಮುಂದಿನ ಒತ್ತಡವು ಹೃದಯದ ಎಡಭಾಗದ ಸ್ಥಿತಿಯನ್ನು ಹೇಳುತ್ತದೆ. ಅದು 15ನ್ನು ಮೀರಿದರೆ ದೋಷವು ಎಡಗಡೆ ಇದೆ. ನಮ್ಮ ದೇಶದಲ್ಲಿ ವಾತಜ್ವರದಿಂದ ಕೆಟ್ಟ ಕವಾಟವು ಇದಕ್ಕೊಂದು ಮುಖ್ಯ ಕಾರಣ. ಅಂತಹವರಿಗೆ ಶ್ವಾಸಕೋಶದ ಧಮನಿಗಳನ್ನು ಅರಳಿಸುವ ಔಷಧವನ್ನು ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಾಪಾಯವಾದೀತು. ಹಾಗೆಯೇ ಹೆಪ್ಪುಗಟ್ಟಿದ ಹಳೆಯ ರಕ್ತವು ಧಮನಿಯನ್ನು ಮುಚ್ಚಿದೆಯೇ ಎಂದು ಶ್ವಾಸಕೋಶದ ಗಾಳಿ ಮತ್ತು ರಕ್ತಗಳ ಸಂಚಾರವನ್ನು ಚಿತ್ರಿಸಿ ನೋಡಬೇಕು. ಅದು ಶಸ್ತ್ರಚಿಕಿತ್ಸೆಗೆ ಒಲಿಯಬಲ್ಲುದು.

ಮಹದೇವಪುರ ಕ್ಷೇತ್ರದ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ತೆರೆದ ಶ್ರೀ ಸತ್ಯಸಾಯಿ ಆಸ್ಪತ್ರೆಯು ಹೃದ್ರೋಗಿಗಳಿಂದ ಹಣವನ್ನು ಪಡೆಯುವುದಿಲ್ಲ. ಹೃದ್ರೋಗದ ಆಸ್ಪತ್ರೆಗಳಿಗೆ ಬರುವ ಮಕ್ಕಳಲ್ಲಿ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವುಳ್ಳವರೂ ಉಂಟು. ರಂಧ್ರವು ದೊಡ್ಡದಾಗಿ ಬಹುಕಾಲ ಉಳಿದು ಶ್ವಾಸಕೋಶದ ಧಮನಿಗಳು ಗಡುಸಾಗಿಹೋದರೆ ರಕ್ತವು ಬಲದಿಂದ ಎಡಕ್ಕೆ ತಿರುಗುತ್ತದೆ. ಆಗ ಅದನ್ನು ಮುಚ್ಚಿದರೆ ಬಲ ಹೃತ್ಕುಕ್ಷಿಗೆ ಉಳಿದಿದ್ದ ಒಂದೇ ಹೊರದಾರಿಯೂ ಮುಚ್ಚಿಹೋಗುತ್ತದೆ. ಮುಚ್ಚಬಹುದೇ ಕೂಡದೇ ಎಂಬುದು ಸಂದಿಗ್ಧವಾದಾಗ ನಿರ್ಣಯವು ನಳಿಕೆಯ ಅಳತೆಯನ್ನೇ ಅವಲಂಬಿಸಿದೆ.