ಮ್ಯಾಂಟಲ್‌ನಿಂದ ಲೇಸರ್‌ವರೆಗೆ

ಮದುವೆಯ ಚಪ್ಪರದಲ್ಲಿ, ಬಯಲಾಟದ ರಂಗಸ್ಥಳದಲ್ಲಿ ಒಂದು ಕಾಲಕ್ಕೆ ಭುಸುಗುಡುತ್ತಿದ್ದ ಗ್ಯಾಸ್‌ಲೈಟನ್ನು ಹಿರಿಯರು ಮರೆತಿರಲಾರರು. ಅದರ ಬೆಳಕಿನ ಗುಟ್ಟು ಇದ್ದದ್ದು ಬಲೆಯಂಥ ಮ್ಯಾಂಟಲ್‌ನಲ್ಲಿ. ಆಸ್ಟ್ರಿಯದ ರಸಾಯನ ವಿಜ್ಞಾನಿ ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಬಳಕೆಗೆ ತಂದ ಮ್ಯಾಂಟಲ್‌ನಲ್ಲಿ ಶೇ 99ರಷ್ಟು ಥೋರಿಯಂ ಆಕ್ಸೈಡ್, ಶೇ 1ರಷ್ಟು ಸೀರಿಯಂ ಆಕ್ಸೈಡ್ ಇತ್ತು. ಆ ಚಿಟಿಕೆ ಸೀರಿಯಂ ಇಲ್ಲದಿದ್ದರೆ ಬೆಳಕು ಮಂಕು. ಅದೇ ಸೀರಿಯಂ ಇಂದಿನ ಎಲ್‌ಇಡಿ ಬಲ್ಬಿನಲ್ಲೂ ಲೇಸರ್ ದೀಪದಲ್ಲೂ ಮತ್ತೆ ಕೆಲಸಕ್ಕೆ ನಿಂತಿದೆ.

ಆದರೆ ಕೆಲಸದ ರೀತಿ ಬೇರೆ. ಮ್ಯಾಂಟಲ್ ಕಾದು ಬೆಳಗುತ್ತಿತ್ತು. ಅದರ ಶಕ್ತಿಯ ಬಹುಪಾಲು ಶಾಖವಾಗಿ ಪೋಲಾಗುತ್ತಿತ್ತು. ಹೊಸ ದೀಪದಲ್ಲಿ ಇರುವುದು ಸೀರಿಯಂ ಬೆರೆಸಿದ, ಫಾಸ್ಫರ್ ಎಂಬ ಹಳದಿ ವಸ್ತು. ಅದು ನೀಲಿ ಬೆಳಕನ್ನು ಹೀರಿ ಹಳದಿ ಬೆಳಕನ್ನು ಬಿಡುತ್ತದೆ. ಹೀರದೆ ಉಳಿದ ನೀಲಿ ಈ ಹಳದಿಯೊಡನೆ ಬೆರೆತಾಗ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ.

ಇದಕ್ಕೆ ಬೇಕಾದ ಪ್ರಖರ ನೀಲಿ ಬೆಳಕೇ ದಶಕಗಳ ಕಾಲ ಕೈಗೆ ಸಿಕ್ಕಿರಲಿಲ್ಲ. ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ ಗ್ಯಾಲಿಯಂ ನೈಟ್ರೈಡ್ ಹರಳನ್ನು ಪಳಗಿಸಿ ದಾರಿ ತೋರಿದರು. ನಿಚಿಯಾ ಕಂಪನಿಯ ಶುಜಿ ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನೂ, ಅನಂತರ ನೀಲಿ ಲೇಸರ್ ಡಯೋಡನ್ನೂ ಸಿದ್ಧಪಡಿಸಿದರು. ಫಾಸ್ಫರ್ ಲೇಪಿಸಿದ ಬಿಳಿ ಎಲ್‌ಇಡಿ 1996ರಲ್ಲಿ ಮಾರುಕಟ್ಟೆಗೆ ಬಂತು. ನೀಲಿ ಎಲ್‌ಇಡಿಗಾಗಿ ಮೂವರಿಗೂ 2014ರ ನೊಬೆಲ್ ಪ್ರಶಸ್ತಿ ದೊರೆಯಿತು.

ಎಲ್‌ಇಡಿ ಇರುವಾಗ ಲೇಸರ್ ಏಕೆ? ಎಲ್‌ಇಡಿಗೆ ಹೆಚ್ಚು ಹೆಚ್ಚು ವಿದ್ಯುತ್ ಹರಿಸಿದಂತೆ ಅದರ ದಕ್ಷತೆ ಕುಗ್ಗುತ್ತದೆ. ಚಿಪ್ಪಿನೊಳಗೆ ಎಲೆಕ್ಟ್ರಾನುಗಳ ದಟ್ಟಣೆ ಹೆಚ್ಚಿ, ಬೆಳಕಾಗಬೇಕಾದ ಶಕ್ತಿ ಶಾಖವಾಗುವುದೇ ಇದಕ್ಕೆ ಮುಖ್ಯ ಕಾರಣ. ಲೇಸರ್ ಡಯೋಡಿನಲ್ಲಿ ಹೀಗಲ್ಲ. ಒಂದು ಮಿತಿ ದಾಟಿ ಲೇಸರ್ ಹೊಮ್ಮತೊಡಗಿದ ಮೇಲೆ, ಹೊಸದಾಗಿ ಬಂದ ಎಲೆಕ್ಟ್ರಾನುಗಳು ಕೂಡಲೇ ಬೆಳಕಿಗೆ ದುಡಿಯುತ್ತವೆ, ದಟ್ಟಣೆ ಏರುವುದಿಲ್ಲ. ಆದ್ದರಿಂದ ಸಾಸಿವೆಯಷ್ಟು ಜಾಗದಿಂದ ಅಪಾರ ಬೆಳಕು ಪಡೆಯಬಹುದು. ನೀಲಿ ಕಿರಣವನ್ನು ಗಾಜಿನ ಎಳೆಯಲ್ಲಿ ಸಾಗಿಸಿ, ಬೇಕಾದೆಡೆ ಫಾಸ್ಫರಿಗೆ ತಾಗಿಸಲೂಬಹುದು. ಬಿಎಂಡಬ್ಲ್ಯು ಕಂಪನಿ 2014ರಲ್ಲಿ ಐ8 ಕಾರಿಗೆ ಅಳವಡಿಸಿದ ಇಂಥ ಹೆಡ್‌ಲೈಟ್ ಸುಮಾರು 600 ಮೀಟರ್ ದೂರ ಬೆಳಗುವಂಥದು.

ಹಾಗೆಂದು ಲೇಸರ್ ಎಲ್ಲ ಕಡೆಗೂ ಮದ್ದಲ್ಲ. ಹಿತಮಿತ ವಿದ್ಯುತ್ತಿನಲ್ಲಿ ನೀಲಿ ಎಲ್‌ಇಡಿಯ ದಕ್ಷತೆ ಲೇಸರಿಗಿಂತ ಮೇಲು. ಕಿರಣ ಬಿದ್ದ ಬಿಂದುವಿನಲ್ಲಿ ಫಾಸ್ಫರ್ ವಿಪರೀತ ಕಾಯುತ್ತದೆ; ಪ್ರೊಜೆಕ್ಟರುಗಳಲ್ಲಿ ಅದನ್ನು ತಿರುಗುವ ಚಕ್ರಕ್ಕೆ ಲೇಪಿಸುವುದು ಇದೇ ಕಾರಣಕ್ಕೆ. ಫಾಸ್ಫರ್ ಒಡೆದು ಕಳಚಿದರೆ ಬರಿಯ ಲೇಸರ್ ಕಣ್ಣಿಗೆ ಅಪಾಯ. ಹಾಗಾದ ಕೂಡಲೇ ಡಯೋಡ್ ಆರುವ ವ್ಯವಸ್ಥೆ ಇರಲೇಬೇಕು.

ಭಾರತದಲ್ಲಿ 2015ರಲ್ಲಿ ಆರಂಭವಾದ ಉಜಾಲಾ ಯೋಜನೆ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಮನೆಮನೆಗೆ ತಲುಪಿಸಿತು. ಅಡುಗೆಮನೆಗೂ ಓದುವ ಮೇಜಿಗೂ ಅದೇ ತಕ್ಕದ್ದು. ದೂರಕ್ಕೆ ಚಾಚಬೇಕಾದ, ಒಂದೆಡೆ ಸಾಂದ್ರವಾಗಬೇಕಾದ ಬೆಳಕಿಗೆ ಲೇಸರ್ ಸಲ್ಲುತ್ತದೆ. ವಿದ್ಯುತ್ತಿನ ನಿಜವಾದ ಉಳಿತಾಯ ಹೊಸ ದೀಪ ಕೊಳ್ಳುವುದರಲ್ಲಷ್ಟೇ ಅಲ್ಲ, ಎಲ್ಲಿಗೆ ಯಾವ ದೀಪವೆಂದು ಅರಿಯುವುದರಲ್ಲೂ ಇದೆ.